ಕೊಡುವ ಮುಂಚೆ ಶಾಲೆಯನ್ನೇ ಕೇಳಿ: ಸರ್ಕಾರಿ ಶಾಲೆಯ ಹಳೇ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿ, ಈಗ ಬೆಂಗಳೂರು, ಹುಬ್ಬಳ್ಳಿ, ಪುಣೆ, ದುಬೈ ಅಂತ ಹಂಚಿಹೋಗಿರುವ ಅಣ್ಣಂದಿರೇ, ಅಕ್ಕಂದಿರೇ, ಗೆಳೆಯರೇ,

ನಮಸ್ಕಾರ.

ಈಗೀಗ ಯಾವ ಊರಿಗೆ ಹೋದರೂ ಗುರುವಂದನೆಯ ಬ್ಯಾನರ್ ಕಾಣುತ್ತದೆ. ಇಪ್ಪತ್ತು, ಮೂವತ್ತು ವರ್ಷದ ಹಿಂದೆ ಒಟ್ಟಿಗೆ ಓದಿದವರು ವಾಟ್ಸಾಪ್ ಗ್ರೂಪ್ ಮಾಡಿಕೊಂಡು, ಒಬ್ಬೊಬ್ಬರನ್ನೇ ಹುಡುಕಿ ಸೇರಿಸುತ್ತಾರೆ. ಶಾಮಿಯಾನ ಹಾಕಿಸಿ, ರಿಟೈರ್ ಆದ ಗುರುಗಳನ್ನೂ ಅಕ್ಕೋರನ್ನೂ ಮನೆಗೆ ಹೋಗಿ ಕರೆತರುತ್ತಾರೆ. ಪಾದಪೂಜೆ, ಶಾಲು, ಹಾರ, ಗೋಧಿ ಹುಗ್ಗಿ ಊಟ. ನನಗೆ ಇದು ತುಂಬಾ ಇಷ್ಟವಾದ ಕಾರ್ಯಕ್ರಮ. ಎಂಬತ್ತು ದಾಟಿದ ಗುರುಗಳು ಹಳೇ ಹುಡುಗನ ಮುಖ ನೋಡಿ, ಹೆಸರಿನ ಜೊತೆಗೆ ಅವನ ಅಪ್ಪನ ಹೆಸರನ್ನೂ ಹೇಳುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತು.

ಊಟದ ಹೊತ್ತಿಗೆ ಸ್ಟೇಜ್ ಮೇಲಿಂದ ಒಬ್ಬರು ಹೇಳುತ್ತಾರೆ: "ನಮ್ಮ ಬ್ಯಾಚ್ ಕಡೆಯಿಂದ ಶಾಲೆಗೆ ಏನಾದರೂ ಕೊಡೋಣ." ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಅಲ್ಲೇ ಲೆಕ್ಕ ಶುರುವಾಗುತ್ತದೆ. ಮಹಾದ್ವಾರ ಕಟ್ಟಿಸೋಣ ಅಂತ ಒಬ್ಬರು, ಸರಸ್ವತಿ ಮೂರ್ತಿ ಅಂತ ಇನ್ನೊಬ್ಬರು, ಸ್ಮಾರ್ಟ್ ಟಿವಿ ಅಂತ ಮತ್ತೊಬ್ಬರು. ಹತ್ತು ನಿಮಿಷದಲ್ಲಿ ಲಕ್ಷ ದಾಟುತ್ತದೆ.

ಆ ಹತ್ತು ನಿಮಿಷದ ಬಗ್ಗೆಯೇ ನನ್ನ ಈ ಪತ್ರ. ಪಕ್ಕದಲ್ಲೇ ಈಗಿನ ಮುಖ್ಯ ಶಿಕ್ಷಕರು ಕೂತಿರುತ್ತಾರೆ. "ಸರ್, ಶಾಲೆಗೆ ಏನು ಬೇಕು?" ಅಂತ ಯಾರೂ ಅವರನ್ನು ಕೇಳುವುದಿಲ್ಲ.

ಒಂದು ಶೌಚಾಲಯದ ವಿಷಯ ಹೇಳುತ್ತೇನೆ. ಊರಿನ ಹೆಸರು ಬೇಡ, ನಮ್ಮ ಹಾವೇರಿ ಜಿಲ್ಲೆಯದು ಅಂತಷ್ಟೇ ತಿಳಿದುಕೊಳ್ಳಿ. ಹಳೇ ವಿದ್ಯಾರ್ಥಿಗಳು ಪ್ರೀತಿಯಿಂದಲೇ ಕಟ್ಟಿಸಿಕೊಟ್ಟದ್ದು. ಗೋಡೆಗೆ ಬಿಳಿ ಟೈಲ್ಸ್, ನೀಲಿ ಬಾಗಿಲು, ಮೇಲೆ ಕಪ್ಪು ಗ್ರಾನೈಟಿನಲ್ಲಿ ಬಂಗಾರದ ಬಣ್ಣದ ಅಕ್ಷರದಲ್ಲಿ ದಾನಿಗಳ ಹೆಸರು. ಬಾಗಿಲಿಗೆ ಬೀಗ. ಬೀಗ ತೆಗೆಸಿ ನೋಡಿದರೆ ಒಳಗೆ ಒಣಗಿದ ಬೇಸಿನ್, ಜೇಡರ ಬಲೆ, ನಲ್ಲಿಯ ತಿರುಪೇ ಇಲ್ಲ. ಮುಖ್ಯ ಶಿಕ್ಷಕರನ್ನು ಕೇಳಿದರೆ ಅವರು ಹೇಳಿದ್ದು ಇಷ್ಟು: "ಬಾಗಿಲಾ ತಗದ್ರ ತೊಳಿಯೋರು ಯಾರ್ರೀ? ಮಕ್ಕಳ ಕೈಲೆ ತೊಳಸೂ ಹಂಗಿಲ್ಲ, ತೊಳಸಬಾರದು."

ಅವರ ಮಾತು ನೂರಕ್ಕೆ ನೂರು ನಿಜ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಸ ಗುಡಿಸುವುದಕ್ಕೆ, ಶೌಚಾಲಯ ತೊಳೆಯುವುದಕ್ಕೆ ಅಂತ ಒಂದು ಹುದ್ದೆಯೇ ಇಲ್ಲ. ಮಕ್ಕಳಿಂದ ತೊಳೆಸಿದರೆ ಅದು ತಪ್ಪು, ಅಪರಾಧ. ಹಾಗಾಗಿ ಬಾಗಿಲಿಗೆ ಬೀಗ ಬೀಳುತ್ತದೆ. ಗಂಡುಮಕ್ಕಳು ಬೇಲಿ ಸಂದಿಗೆ ಹೋಗುತ್ತಾರೆ. ಆರನೇ, ಏಳನೇ ಕ್ಲಾಸಿನ ಹುಡುಗಿಯರು ಬೆಳಗ್ಗೆಯಿಂದ ನೀರೇ ಕುಡಿಯದೆ ಕೂತಿರುತ್ತಾರೆ. ಮುಟ್ಟಿನ ದಿನಗಳಲ್ಲಿ ಶಾಲೆಗೇ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅದು ಬರೀ ಗೈರುಹಾಜರಿ.

ಆ ಶಾಲೆಗೆ ಬೇಕಾಗಿದ್ದದ್ದು ದಿನಕ್ಕೆ ಒಂದು ಗಂಟೆ ಬಂದು ತೊಳೆದು ಹೋಗುವ ಒಬ್ಬರು, ಅವರಿಗೆ ತಿಂಗಳು ತಿಂಗಳು ತಪ್ಪದೆ ಸಿಗುವ ಸಂಬಳ, ಫಿನಾಯಿಲ್, ಬ್ರಷ್, ಮೇಲಿನ ಟ್ಯಾಂಕಿಗೆ ನೀರು. ನಾವೊಂದಿಷ್ಟು ಜನ ಸೇರಿ ತಿಂಗಳಿಗೆ ತಲಾ ಇನ್ನೂರು ರೂಪಾಯಿ ಹಾಕಲು ಶುರು ಮಾಡಿದೆವು. ಊರಿನ ಒಬ್ಬ ತಾಯಿ ಬೆಳಗ್ಗೆ ಪ್ರಾರ್ಥನೆಗೆ ಮುಂಚೆಯೇ ಬಂದು ಕೆಲಸ ಮುಗಿಸಿ ಹೋಗುತ್ತಾರೆ. ಬೀಗ ಈಗ ರಜಾ ದಿನ ಮಾತ್ರ. ಈ ಖರ್ಚಿಗೆ ಗ್ರಾನೈಟ್ ಹಾಕಲು ಆಗುವುದಿಲ್ಲ, ಫೋಟೋ ತೆಗೆದರೂ ಕಾಣುವುದಿಲ್ಲ. ಅದಕ್ಕೇ ಇಂಥ ಖರ್ಚಿಗೆ ದಾನಿಗಳು ಸಿಗುವುದಿಲ್ಲ.

ಸರ್ಕಾರ ಏನೂ ಕೊಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ನಾವು ಓದುವಾಗ ಇಲ್ಲದ್ದು ಎಷ್ಟೋ ಈಗ ಇದೆ. ಬಿಸಿಯೂಟ 2002ರಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಶುರುವಾಗಿ ಇಡೀ ರಾಜ್ಯಕ್ಕೆ ಬಂತು. 2013ರಿಂದ ಕ್ಷೀರಭಾಗ್ಯದ ಹಾಲು ಬಂತು. ಪಠ್ಯಪುಸ್ತಕ, ಸಮವಸ್ತ್ರ, ಶೂ, ಸಾಕ್ಸ್ ಇವೆ. ವಾರಕ್ಕೆ ಎರಡು ದಿನ ಸರ್ಕಾರದ ಮೊಟ್ಟೆ, ಉಳಿದ ನಾಲ್ಕು ದಿನ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೊಟ್ಟೆ ಅಂತ 2024ರಲ್ಲಿ ಒಪ್ಪಂದವಾಯಿತು. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಕರೆಂಟ್, ನೀರು ಉಚಿತ ಅಂತಲೂ ಘೋಷಣೆಯಾಯಿತು.

ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ಎಣಿಸಿ ಹಂಚಬಹುದಾದದ್ದು ಶಾಲೆಗೆ ಬರುತ್ತದೆ. ಬರದೇ ಇರುವುದು ದಿನದಿನದ ಕೆಲಸಕ್ಕೆ ಕೈ, ಕೆಟ್ಟದ್ದನ್ನು ರಿಪೇರಿ ಮಾಡಿಸಲು ಚಿಲ್ಲರೆ ದುಡ್ಡು. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನದ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ. 31ರಿಂದ 100 ಮಕ್ಕಳಿದ್ದರೆ 25,000. ಅದಕ್ಕಿಂತ ಮೇಲೆ 250 ಮಕ್ಕಳವರೆಗೆ 50,000. ಇದರಲ್ಲೇ ಸೀಮೆಸುಣ್ಣ, ರಿಜಿಸ್ಟರ್, ಪ್ರಯೋಗದ ಸಾಮಾನು, ಸಣ್ಣಪುಟ್ಟ ರಿಪೇರಿ, ಕುಡಿಯುವ ನೀರಿನ ವ್ಯವಸ್ಥೆ ಎಲ್ಲ ಆಗಬೇಕು. ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೆ ಇಡಬೇಕು. ಅಂದರೆ ನೂರು ಮಕ್ಕಳ ಶಾಲೆಯಲ್ಲಿ ವರ್ಷಕ್ಕೆ 2,500 ರೂಪಾಯಿ. ತಿಂಗಳಿಗೆ ಇನ್ನೂರು ಚಿಲ್ಲರೆ. ಅಷ್ಟು ದುಡ್ಡಿಗೆ ಯಾರು ಬಂದು ಶೌಚಾಲಯ ತೊಳೆಯುತ್ತಾರೆ?

ಅದಕ್ಕೇ ನಾನು ಕೇಳುವುದು. ಈಗಾಗಲೇ ಬಂದಿರುವುದನ್ನೇ ಮತ್ತೆ ಕೊಡಬೇಡಿ. ಒಂದೇ ಜೂನ್‌ನಲ್ಲಿ ಮೂರು ಸಂಘದವರು ಒಂದೇ ಮಕ್ಕಳಿಗೆ ಬ್ಯಾಗ್ ಹಂಚಿ ಹೋಗುತ್ತಾರೆ. ನೋಟ್‌ಬುಕ್ ಸೆಪ್ಟೆಂಬರ್‌ಗೆ ಮುಗಿಯುತ್ತದೆ, ಆಗ ಯಾರೂ ಬರುವುದಿಲ್ಲ. ಕಂಪ್ಯೂಟರ್ ಕೊಟ್ಟಿರುತ್ತಾರೆ, ಅದರ ಯುಪಿಎಸ್ ಬ್ಯಾಟರಿ ಸತ್ತು ವರ್ಷಗಳಾಗಿರುತ್ತವೆ. ಬ್ಯಾಟರಿ ಬದಲಿಸಿ ಕೊಟ್ಟರೆ ಇಡೀ ಲ್ಯಾಬ್ ಎದ್ದು ಕೂರುತ್ತದೆ. ವಿಜ್ಞಾನದ ಕಿಟ್ ಬೀರುವಿನಲ್ಲಿರುತ್ತದೆ. ಅದನ್ನು ಹೊರಗೆ ತೆಗೆದು ಮಕ್ಕಳ ಮುಂದೆ ಹರಡಲು ಮೇಷ್ಟ್ರಿಗೆ ಪುರುಸೊತ್ತಿಲ್ಲ.

ಪುರುಸೊತ್ತು ಯಾಕಿಲ್ಲ ಅಂತ ಕೇಳಬೇಡಿ, ಒಂದು ದಿನ ಮುಖ್ಯ ಶಿಕ್ಷಕರ ಪಕ್ಕ ಕೂತು ನೋಡಿ. ಬೆಳಗ್ಗೆ ಹಾಲಿನ ಪುಡಿ ಲೆಕ್ಕ. ಮೊಟ್ಟೆ ಲೆಕ್ಕ. ಬಿಸಿಯೂಟಕ್ಕೆ ಎಷ್ಟು ಮಕ್ಕಳು ಅಂತ ಕಳಿಸಬೇಕು. ಸ್ಯಾಟ್ಸ್ ತಂತ್ರಾಂಶದಲ್ಲಿ ಮಕ್ಕಳ ಮಾಹಿತಿ ತುಂಬಬೇಕು. ಯಾವುದೋ ಮಗುವಿನ ಆಧಾರ್‌ನಲ್ಲಿ ಹೆಸರು ಬೇರೆ, ಶಾಲೆಯ ದಾಖಲೆಯಲ್ಲಿ ಬೇರೆ, ಅದನ್ನು ಸರಿಮಾಡಿಸಬೇಕು. ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯವರು) ಫೋನ್ ಮಾಡಿ ಇವತ್ತೇ ವರದಿ ಬೇಕು ಅನ್ನುತ್ತಾರೆ. ಈ ನಡುವೆ ನಲಿಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತಿದ್ದಾರೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ತರಬೇತಿಗೆ ಹೋದರೆ ಇಡೀ ಶಾಲೆ ಒಬ್ಬರ ಮೇಲೆ. ಅವರೇ ಪಾಠವನ್ನೂ ಮಾಡಬೇಕು. ಆದರೂ ಮಾಡುತ್ತಾರೆ. ಇಂಥವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅವರ ಮೇಲೆ ನನಗೆ ದೊಡ್ಡ ಗೌರವವಿದೆ.

ಇಲ್ಲಿ ದುಡ್ಡಿಲ್ಲದವರೂ ಕೊಡಬಹುದು. ನಮ್ಮ ಜೊತೆ ಓದಿದ ಎಲೆಕ್ಟ್ರಿಷಿಯನ್ ಒಬ್ಬ ಬೇಸಿಗೆ ರಜೆಯಲ್ಲಿ ಬಂದು ಎಲ್ಲ ಕೋಣೆಯ ಫ್ಯಾನ್, ಸ್ವಿಚ್, ವೈರಿಂಗ್ ನೋಡಿ ಹೋಗುತ್ತಾನೆ. ಬಿ.ಇಡಿ ಮಾಡಿ ಮನೆಯಲ್ಲಿರುವ ಹೆಣ್ಣುಮಗಳು ವಾರಕ್ಕೆರಡು ದಿನ ಗಣಿತ ಹೇಳಿಕೊಡುತ್ತಾಳೆ. ಕಂಪ್ಯೂಟರ್ ಬಲ್ಲವರು ದಾಖಲೆ ತುಂಬಲು ಮುಖ್ಯ ಶಿಕ್ಷಕರ ಪಕ್ಕ ಒಂದು ದಿನ ಕೂತರೆ ಸಾಕು, ಮಕ್ಕಳಿಗೆ ಒಂದು ದಿನದ ಪಾಠ ಜಾಸ್ತಿ ಸಿಗುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ವಿದ್ಯಾಂಜಲಿ ಪೋರ್ಟಲ್ ಕೂಡ ಹಾಗೇ ಇದೆ. ಅಲ್ಲಿ ಹಣ ತೆಗೆದುಕೊಳ್ಳುವುದಿಲ್ಲ. ಸೇವೆ ಅಥವಾ ಸಾಮಾನು, ಅದೂ ಶಾಲೆ ತನಗೆ ಬೇಕು ಅಂತ ಹಾಕಿದ್ದು.

ಕೊಡುವ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುವವರು ಇಬ್ಬರು. ಇಬ್ಬರೂ ಶ್ರೀಮಂತರಲ್ಲ.

ಒಬ್ಬರು ಕೊಪ್ಪಳ ಜಿಲ್ಲೆ ಕುಣಿಕೇರಿಯ ಹುಚ್ಚಮ್ಮ ಚೌದ್ರಿ. ಊರಿಗೆ ಶಾಲೆ ಕಟ್ಟಲು ಜಾಗವಿಲ್ಲ ಅಂದಾಗ ತಮ್ಮ ಎರಡು ಎಕರೆ ಜಮೀನನ್ನು ಕೊಟ್ಟುಬಿಟ್ಟರು. ಆಮೇಲೆ ಕೊಪ್ಪಳದ ಸುತ್ತ ಕಾರ್ಖಾನೆಗಳು ಬಂದು ಆ ಭಾಗದ ಜಮೀನಿಗೆ ಬಂಗಾರದ ಬೆಲೆ ಬಂತು. ಅವರು ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾ ಇದ್ದರು. ಸ್ವಂತ ಮಕ್ಕಳಿಲ್ಲದ ಅವರಿಗೆ ಶಾಲೆಯ ಮಕ್ಕಳೇ ಮಕ್ಕಳು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಜಮೀನು ಕೊಟ್ಟವರು ಎಷ್ಟೋ ಜನ ಇದ್ದಾರೆ. ಕೊಟ್ಟ ಮೇಲೆ ದಿನಾ ಬಂದು ಸೌಟು ಹಿಡಿದವರು ಎಷ್ಟು ಜನ?

ಇನ್ನೊಬ್ಬರು ಹರೇಕಳ ಹಾಜಬ್ಬ. ಮಂಗಳೂರಿನಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದವರು. ವಿದೇಶಿಯರೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ರೇಟು ಕೇಳಿದಾಗ ಅರ್ಥವಾಗದೆ ನಿಂತ ಆ ಗಳಿಗೆ ಅವರನ್ನು ಬಿಡಲಿಲ್ಲ. ತಮ್ಮ ನ್ಯೂಪಡ್ಪು ಊರಿನ ಮಕ್ಕಳಿಗೆ ಶಾಲೆ ಬೇಕು ಅಂತ ಹಣ್ಣು ಮಾರಿದ ದುಡ್ಡನ್ನೇ ಕೂಡಿಟ್ಟು, ಕಚೇರಿ ಕಚೇರಿ ಅಲೆದು, ಶಾಲೆ ತಂದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಅವರನ್ನು ರೂಪಿಸಿದ ಶಾಲೆ ಅಂತ ಒಂದು ಇರಲೇ ಇಲ್ಲ. ನಮಗೆ ಇತ್ತು. ಸ್ಲೇಟು ಹಿಡಿಸಿ, ಮಗ್ಗಿ ಬಾಯಿಪಾಠ ಮಾಡಿಸಿ, ಮೂಗು ಒರೆಸಿ ಕಳಿಸಿದ ಶಾಲೆ ಇತ್ತು. ಫೀ ಇಲ್ಲದೆ ಓದಿದೆವು.

ಜಮೀನಿನ ಮಾತು ಬಂತಲ್ಲ, ಅದರ ಜೊತೆಗೇ ಒಂದು ಕೆಲಸ ಹೇಳಿಬಿಡುತ್ತೇನೆ. ಹಳೇ ಕಾಲದಲ್ಲಿ ಊರಿನ ಹಿರಿಯರು ಬಾಯಿಮಾತಿನಲ್ಲಿ ಜಾಗ ಕೊಟ್ಟ ಶಾಲೆಗಳು ನಮ್ಮಲ್ಲಿ ಬಹಳ ಇವೆ. ದಾನಪತ್ರ ರಿಜಿಸ್ಟರ್ ಆಗಿಲ್ಲ, ಖಾತೆ ಶಾಲೆಯ ಹೆಸರಿಗೆ ಬಂದಿಲ್ಲ. ಮೂರನೇ ತಲೆಮಾರಿನವರು ಬಂದು ಬೇಲಿ ಹಾಕುತ್ತೇವೆ ಅನ್ನುತ್ತಾರೆ. ನಿಮ್ಮ ಶಾಲೆಯ ಜಾಗದ ಕಾಗದ ಪತ್ರ ಹೇಗಿದೆ ಅಂತ ಒಮ್ಮೆ ನೋಡಿ. ನಿಮ್ಮ ಬ್ಯಾಚಿನಲ್ಲಿ ಒಬ್ಬ ವಕೀಲರು, ಕಂದಾಯ ಇಲಾಖೆಯಲ್ಲಿ ಒಬ್ಬರು ಇದ್ದೇ ಇರುತ್ತಾರೆ. ಅವರು ಓಡಾಡಿ ಇ-ಸ್ವತ್ತು (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ಮಾಡಿಸಿಕೊಟ್ಟರೆ ಅದಕ್ಕಿಂತ ದೊಡ್ಡ ಕೊಡುಗೆ ಇನ್ನೊಂದಿಲ್ಲ. ಮಹಾದ್ವಾರ ಆಮೇಲೆ ಕಟ್ಟಿಸಿದರಾಯಿತು.

ದುಡ್ಡು ಕೊಡುವುದಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೂಲಕವೇ ಕೊಡಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಈಗ ಆ ಶಾಲೆಯಲ್ಲಿ ಓದುತ್ತಿರುವುದು ಅವರ ಮಕ್ಕಳು. ಊರು ಬಿಟ್ಟು ಹೋದ ನಾವು ನಮ್ಮ ಇಷ್ಟದಂತೆ ಮಾಡಿಸಿ ಹೋಗುವುದು ಸರಿಯಲ್ಲ. ಅವರ ಸಭೆಯಲ್ಲಿ ಕೂತು ಕೇಳಿ. ಸಭೆಯಲ್ಲಿ ಹೆಣ್ಣುಮಕ್ಕಳು ಮಾತಾಡುವವರೆಗೂ ಕಾಯಿರಿ, ಯಾಕಂದರೆ ಶೌಚಾಲಯದ ಮಾತು ತೆಗೆಯುವವರು ಅವರೇ. ತೀರ್ಮಾನ ನಡಾವಳಿ ಪುಸ್ತಕದಲ್ಲಿ ಬರೆಸಿ. ಸಮಿತಿಯ ಬ್ಯಾಂಕ್ ಖಾತೆಗೆ ಹಾಕಿ ರಸೀದಿ ತಗೊಳ್ಳಿ. ಸಾಮಾನು ಕೊಟ್ಟರೆ ಸ್ಟಾಕ್ ರಿಜಿಸ್ಟರ್‌ನಲ್ಲಿ ಏರಿಸಿದ್ದಾರಾ ನೋಡಿ. ಇದು ಯಾರ ಮೇಲಿನ ಅನುಮಾನವೂ ಅಲ್ಲ. ನಾಳೆ ಮುಖ್ಯ ಶಿಕ್ಷಕರಿಗೆ ವರ್ಗ ಆದಾಗ ಅವರ ಮೇಲೆ ಮಾತು ಬರಬಾರದು, ಅದಕ್ಕೆ.

ಇನ್ನೊಂದು ಮಾತು, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಮಕ್ಕಳೇ ಇಲ್ಲದ ಶಾಲೆಗೆ ಏನು ಕೊಟ್ಟು ಏನು ಪ್ರಯೋಜನ? ಎಲ್‌ಕೆಜಿ ಇಲ್ಲ ಅಂತ, ಇಂಗ್ಲಿಷ್ ಇಲ್ಲ ಅಂತ, ಮನೆ ಮುಂದೆ ಹಳದಿ ವ್ಯಾನ್ ಬರುವುದಿಲ್ಲ ಅಂತ ಕೂಲಿ ಮಾಡುವವರೂ ಸಾಲ ಮಾಡಿ ಖಾಸಗಿ ಶಾಲೆಗೆ ಕಳಿಸುತ್ತಿದ್ದಾರೆ. ಅವರನ್ನು ಬೈಯುವ ಹಕ್ಕು ನಮಗಿಲ್ಲ. ಆದರೆ ಅವರ ಕಾರಣಗಳಿಗೆ ಉತ್ತರ ಕೊಡಬಹುದು. ಬಂಟ್ವಾಳ ತಾಲ್ಲೂಕಿನ ದಡ್ಡಲಕಾಡು ಶಾಲೆ ಮಕ್ಕಳಿಲ್ಲದೆ ಮುಚ್ಚುವ ಹಂತಕ್ಕೆ ಬಂದಿತ್ತು. ಅಲ್ಲಿನ ಯುವಕರು, ಒಂದು ಟ್ರಸ್ಟಿನವರು ಶಾಲೆಯನ್ನು ದತ್ತು ತೆಗೆದುಕೊಂಡು ಕಟ್ಟಡ, ಇಂಗ್ಲಿಷ್ ಕಲಿಕೆ, ವಾಹನ ಎಲ್ಲದರ ಬೆನ್ನು ಹತ್ತಿದರು. ಈಗ ಅಲ್ಲಿ ನೂರಾರು ಮಕ್ಕಳಿದ್ದಾರೆ. ಕರಾವಳಿಯ ಇನ್ನೂ ಕೆಲವು ಕಡೆ ಹಳೇ ವಿದ್ಯಾರ್ಥಿಗಳೇ ಶಾಲೆಗೆ ವ್ಯಾನ್ ಓಡಿಸುತ್ತಿದ್ದಾರೆ, ಪೂರ್ವ ಪ್ರಾಥಮಿಕದ ಟೀಚರಿಗೆ ಸಂಬಳ ಕೊಡುತ್ತಿದ್ದಾರೆ. ನಮ್ಮ ಕಡೆಗೂ ಇದು ಆಗದ ಕೆಲಸವೇನಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಶಿಕ್ಷಕರು ದಾಖಲಾತಿಗೆ ಅಂತ ಮನೆ ಮನೆಗೆ ಹೋಗುತ್ತಾರೆ. ಜಾತ್ರೆಗೋ ಮದುವೆಗೋ ನೀವೂ ಆಗ ಊರಲ್ಲೇ ಇರುತ್ತೀರಿ. ಅವರ ಜೊತೆ ಒಂದು ಸಂಜೆ ಹೋಗಿ. "ನಾನು ಇದೇ ಶಾಲೆಯಲ್ಲಿ ಓದಿದವನು, ಈಗ ಇಂಥ ಕೆಲಸದಲ್ಲಿದ್ದೇನೆ, ಈ ವರ್ಷ ಶಾಲೆಗೆ ಇಂಥದ್ದು ಮಾಡುತ್ತಿದ್ದೇವೆ" ಅಂತ ನಿಮ್ಮ ಬಾಯಿಂದ ಕೇಳಿದರೆ ಅದರ ತೂಕವೇ ಬೇರೆ.

ಶಾಲಾ ಶಿಕ್ಷಣ ಇಲಾಖೆಯವರೂ ಈ ಪತ್ರ ಓದಲಿ ಅಂತ ನನ್ನ ಆಸೆ. ಹಳೇ ವಿದ್ಯಾರ್ಥಿಗಳು ಕೈಜೋಡಿಸಲಿ ಅಂತ "ನಮ್ಮ ಶಾಲೆ ನಮ್ಮ ಜವಾಬ್ದಾರಿ" ಅಂದಿದ್ದೀರಿ. ಸಂತೋಷ, ನಾವು ಬರುತ್ತೇವೆ. ಆದರೆ ನಾವು ಕೊಡುವುದನ್ನು ನೋಡಿ ನೀವು ಕೊಡುವುದು ಕಡಿಮೆಯಾಗಬಾರದು. ಅಕ್ಟೋಬರ್ 2022ರಲ್ಲಿ ತಂದೆತಾಯಿಯಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಒಂದು ಸುತ್ತೋಲೆ ಬಂತು. ಜನ ವಿರೋಧಿಸಿದರು, ಕೆಲವೇ ದಿನದಲ್ಲಿ ವಾಪಸ್ ಹೋಯಿತು. ಹೋಗಿದ್ದು ಒಳ್ಳೆಯದಾಯಿತು. ಕೂಲಿಗೆ ಹೋಗುವ ತಾಯಿಗೆ ಆ ನೂರು ರೂಪಾಯಿ ದೊಡ್ಡದು. ನಾವು ಮನಸ್ಸಿನಿಂದ ಕೊಡುವುದು ಬೇರೆ, ಆ ತಾಯಿಯನ್ನು ಕೇಳುವುದು ಬೇರೆ.

ಮತ್ತೆ, ಶಾಲೆಗೊಬ್ಬ ಸ್ವಚ್ಛತಾ ಸಿಬ್ಬಂದಿಯನ್ನು ಕೊಡುವುದು ನಿಮ್ಮ ಕೆಲಸ. ಖಾಲಿ ಹುದ್ದೆಗೆ ಕಾಯಂ ಶಿಕ್ಷಕರನ್ನು ಕೊಡುವುದು ನಿಮ್ಮ ಕೆಲಸ. ಅಲ್ಲಿಯವರೆಗೆ ಅತಿಥಿ ಶಿಕ್ಷಕರು ಜೂನ್ ಮೊದಲ ದಿನವೇ ಕ್ಲಾಸಿನಲ್ಲಿರುವಂತೆ ನೋಡಿಕೊಳ್ಳುವುದೂ ನಿಮ್ಮ ಕೆಲಸ. ಇವತ್ತು ಹುಡುಗಿಯರು ನೀರು ಕುಡಿಯದೆ ಕೂತಿದ್ದಾರೆ ಅಂತ ನಾವು ಕೈಹಾಕಿದ್ದೇವೆ. ಕೈಹಾಕುತ್ತಲೇ ನಿಮ್ಮನ್ನು ಕೇಳುತ್ತಲೂ ಇರುತ್ತೇವೆ. ಶಾಲೆಯ ಮೇಲೆ ಪ್ರೀತಿ ಇರುವವರು ಎರಡನ್ನೂ ಮಾಡಬೇಕು ಅಂತ ನಾನು ನಂಬಿದ್ದೇನೆ.

ಗೆಳೆಯರೇ, ನಿಮ್ಮ ಬ್ಯಾಚಿನ ಗುರುವಂದನೆ ಈ ವರ್ಷ ಇದೆಯಾ? ಖಂಡಿತ ಮಾಡಿ, ಚೆನ್ನಾಗಿ ಮಾಡಿ. ಅದಕ್ಕೆ ಒಂದು ವಾರ ಮುಂಚೆ ಇಬ್ಬರು ಹೋಗಿ ಮುಖ್ಯ ಶಿಕ್ಷಕರನ್ನು, ಅಡುಗೆಯವರನ್ನು, ಏಳನೇ ಕ್ಲಾಸಿನ ಹುಡುಗಿಯರನ್ನು ಮಾತಾಡಿಸಿ ಬನ್ನಿ. ಹುಡುಗಿಯರನ್ನು ಮಾತಾಡಿಸಲು ಅಕ್ಕಂದಿರೇ ಹೋದರೆ ಒಳ್ಳೆಯದು. ಅವರು ಹೇಳಿದ್ದನ್ನು ಸ್ಟೇಜ್ ಮೇಲೆ ಓದಿ. ಕಾರ್ಯಕ್ರಮದ ಖರ್ಚು ಕಳೆದು ಉಳಿದ ದುಡ್ಡನ್ನು ಒಂದೇ ಸಲ ಖರ್ಚು ಮಾಡಬೇಡಿ. ಎಸ್‌ಡಿಎಂಸಿ ಖಾತೆಗೆ ತಿಂಗಳು ತಿಂಗಳು ಹೋಗುವ ಹಾಗೆ ಮಾಡಿ. ಬ್ಯಾಚಿನಲ್ಲಿ ಒಬ್ಬರು ಲೆಕ್ಕ ನೋಡಿಕೊಳ್ಳಲಿ, ಮುಂದಿನ ವರ್ಷ ಇನ್ನೊಬ್ಬರು. ಇನ್ನೂರು ಆಗದವರು ಐವತ್ತು ಕೊಡಲಿ. ಅದೂ ಆಗದವರು ಆಗಸ್ಟ್ 15ಕ್ಕೆ ಮುಂಚೆ ಬಂದು ಅಂಗಳದ ಕಸ ಕಿತ್ತು ಕೊಡಲಿ. ನಿಮ್ಮ ಕೆಳಗಿನ ಬ್ಯಾಚಿನವರಿಗೂ ಈ ಪತ್ರ ಕಳಿಸಿ. ಅವರು ಇನ್ನೂ ಗ್ರೂಪ್ ಮಾಡಿಕೊಂಡಿಲ್ಲದಿದ್ದರೆ ನೀವೇ ಮಾಡಿಕೊಡಿ.

ಇಂತಿ,
ಹಾವೇರಿ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಹಳೇ ವಿದ್ಯಾರ್ಥಿ